‘ಅನ್ಯಾಯ ಆಗಿದೆ’ ಅಂತ ಬರೆದರೆ ಸಾಲದು: ತಾರತಮ್ಯದ ಕಾನೂನಿನಲ್ಲಿ ಒಂದೊಂದು ಪದಕ್ಕೆ ಏನರ್ಥ?

ಟೈಪಿಂಗ್ ಅಕ್ಕ, ಹಾಸನ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಜೆರಾಕ್ಸ್ ಕೂಡ ಮಾಡಿಕೊಡುತ್ತೇನೆ. 14 ವರ್ಷದಿಂದ ಜನರ ಅರ್ಜಿ ಟೈಪ್ ಮಾಡುತ್ತಿದ್ದೇನೆ. ಪಹಣಿ ತಿದ್ದುಪಡಿ, ವೃದ್ಧಾಪ್ಯ ವೇತನ, ರೇಷನ್ ಕಾರ್ಡು, ಇವೆಲ್ಲ ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಆದರೆ ಒಂದು ಬಗೆಯ ಅರ್ಜಿ ಬಂದರೆ ಮಾತ್ರ ಕೈ ನಿಂತುಹೋಗುತ್ತದೆ.

ಹೋದ ತಿಂಗಳು ಆಲೂರು ಕಡೆಯ ಹಳ್ಳಿಯಿಂದ ಒಬ್ಬ ಅಜ್ಜ ಬಂದಿದ್ದರು. ಕೈಯಲ್ಲಿ ಮಡಿಚಿ ಮಡಿಚಿ ಹರಿಯುವ ಹಾಗಾಗಿದ್ದ ಒಂದು ಹಾಳೆ. ಯಾರೋ ಬರೆದುಕೊಟ್ಟ ಹಳೇ ಅರ್ಜಿ. ‘ಮಾನ್ಯರೇ, ನನಗೆ ನಮ್ಮೂರಿನ ಹೋಟೆಲಿನಲ್ಲಿ ಬಹಳ ಅನ್ಯಾಯ ಆಗಿರುತ್ತದೆ. ದಯಮಾಡಿ ನ್ಯಾಯ ದೊರಕಿಸಿಕೊಡಬೇಕಾಗಿ ವಿನಂತಿ.’ ಅಷ್ಟೇ. ಅದಕ್ಕೆ ಬಂದ ಹಿಂಬರಹವೂ ಒಂದೇ ಸಾಲು: ವಿವರ ಸ್ಪಷ್ಟವಿಲ್ಲದ ಕಾರಣ ಮುಕ್ತಾಯಗೊಳಿಸಿದೆ.

ಅಜ್ಜನನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳಿದೆ. ಆ ಹೋಟೆಲಿನಲ್ಲಿ ಗೋಡೆಗೆ ಹೊಡೆದ ಹಲಗೆಯ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿ ಇಟ್ಟಿರುತ್ತಾರಂತೆ. ಊರವರಿಗೆಲ್ಲ ಅದರಲ್ಲಿ ಕಾಫಿ. ಅಜ್ಜನ ಕೇರಿಯವರು ಹೋದರೆ ಮಾತ್ರ ಪೇಪರ್ ಲೋಟ. ಒಂದು ದಿನ ಅಜ್ಜ ‘ನನಗೂ ಸ್ಟೀಲ್ ಲೋಟದಲ್ಲೇ ಕೊಡಪ್ಪ, ಕೈ ಸುಡುತ್ತೆ’ ಅಂದಿದ್ದಾರೆ. ‘ನಿಮಗೆ ಇದೇ’ ಅಂದನಂತೆ. ಇಷ್ಟು ಹೇಳುವಾಗ ಅಜ್ಜ ನನ್ನ ಮುಖ ನೋಡಲಿಲ್ಲ. ಮಾನಿಟರ್ ನೋಡುತ್ತಿದ್ದರು.

ಅದೇ ತಿಂಗಳು ಇನ್ನೆರಡು ಬಂದವು. ಡಿಗ್ರಿ ಓದುವ ಒಬ್ಬ ಹುಡುಗ. ಬಲಗೈ ಬೆರಳಿನಲ್ಲಿ ಬಲವಿಲ್ಲ. ಸರ್ಟಿಫಿಕೇಟಿನಲ್ಲಿ 35% ಅಂತ ಇದೆ. ಪರೀಕ್ಷೆಗೆ ಬರೆದುಕೊಡುವವರನ್ನು ಕೇಳಿದರೆ ‘40% ಇಲ್ಲ, ನೀನು ಅಂಗವಿಕಲನೇ ಅಲ್ಲ’ ಅಂದರಂತೆ. ಆಮೇಲೆ ಸಕಲೇಶಪುರ ಕಡೆಯ ಕಾಫಿ ತೋಟದ ಮೂವರು ಹೆಂಗಸರು. ಗಂಡಾಳಿಗೆ ₹500, ಹೆಣ್ಣಾಳಿಗೆ ₹400.

ಮೂರರಲ್ಲೂ ತಪ್ಪು ಕಣ್ಣಿಗೆ ಕಾಣುತ್ತೆ, ಅಲ್ವಾ? ಆದರೆ ಕಾನೂನಿಗೆ ಕಾಣಬೇಕಾದರೆ ಯಾವ ಪದ ಬೇಕು ಅನ್ನುವುದು ನನಗೆ ಗೊತ್ತಿಲ್ಲ. ‘ತಾರತಮ್ಯ’ ಅನ್ನುವ ಪದಕ್ಕೆ ಕಾನೂನಿನಲ್ಲಿ ಎಲ್ಲಿ ಅರ್ಥ ಬರೆದಿದ್ದಾರೆ? ತಿಳಿದವರು ಹೇಳಿ. ಇನ್ನೊಂದು ಹಿಂಬರಹ ಬರುವ ಹಾಗೆ ನಾನು ಟೈಪ್ ಮಾಡಲಾರೆ.

ವಕೀಲ, ಚಿಕ್ಕಮಗಳೂರು

ಅಕ್ಕ, ಒಳ್ಳೆಯ ಪ್ರಶ್ನೆ. ಮೊದಲು ಒಂದು ವಿಷಯ ತಿಳಿದಿರಲಿ. ತಾರತಮ್ಯಕ್ಕೆಲ್ಲ ಸೇರಿ ಒಂದೇ ಕಾನೂನು ನಮ್ಮ ದೇಶದಲ್ಲಿ ಇಲ್ಲ. ತುಂಡು ತುಂಡಾಗಿದೆ. ಒಂದು ಕಾಯ್ದೆಯಲ್ಲಿ ತಾರತಮ್ಯಕ್ಕೆ ಅರ್ಥ ಬರೆದಿದ್ದಾರೆ, ಇನ್ನೊಂದರಲ್ಲಿ ಬರೆದೇ ಇಲ್ಲ. ಹಾಗಾಗಿ ನಿಮ್ಮ ಮೂರು ಅರ್ಜಿಗೆ ಮೂರು ಬೇರೆ ಬೇರೆ ಬಾಗಿಲು.

ಅಜ್ಜನ ವಿಷಯ ಮೊದಲು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಆದರೆ ಅಸ್ಪೃಶ್ಯತೆ ಅಂದರೆ ಏನು ಅಂತ ಸಂವಿಧಾನ ಎಲ್ಲೂ ಹೇಳಿಲ್ಲ. ಮೂಲ ಇಂಗ್ಲಿಷ್ ಪಠ್ಯ ನೋಡಿ, ಆ ಪದಕ್ಕೆ ಉದ್ಧರಣ ಚಿಹ್ನೆ ಹಾಕಿ ಬಿಟ್ಟಿದ್ದಾರೆ. ಆ ಚಿಹ್ನೆಗೆ ಏನರ್ಥ ಅಂತ ಬಿಡಿಸಿ ಹೇಳಿದ್ದು ನಮ್ಮದೇ ಹೈಕೋರ್ಟ್. 1958ರಲ್ಲಿ, ಆಗ ಅದು ಮೈಸೂರು ಹೈಕೋರ್ಟ್. ಒಂದು ಸಮುದಾಯದೊಳಗೆ ಒಬ್ಬರಿಗೆ ಬಹಿಷ್ಕಾರ ಹಾಕಿದ ಪ್ರಕರಣ ಬಂದಿತ್ತು. ಕೋರ್ಟ್ ಹೇಳಿದ್ದು ಇಷ್ಟು: ಪದವನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ ಸೂತಕದವರನ್ನು ಮುಟ್ಟದಿರುವುದು, ಅಂಟುರೋಗದವರನ್ನು ದೂರ ಇಡುವುದು, ಜಾತಿಯೊಳಗಿನ ಬಹಿಷ್ಕಾರ ಎಲ್ಲವೂ ಅಸ್ಪೃಶ್ಯತೆ ಆಗಿಬಿಡುತ್ತದೆ. ಇಲ್ಲಿ ಅದಲ್ಲ. ಈ ದೇಶದಲ್ಲಿ ಹುಟ್ಟಿನ ಮೇಲೆ ಕೆಲವು ಜಾತಿಯವರನ್ನು ತಲತಲಾಂತರದಿಂದ ಹೊರಗಿಟ್ಟ ಪದ್ಧತಿ ಇದೆಯಲ್ಲ, ಅದು.

ಈಗ ಲೋಟಕ್ಕೆ ಬರುತ್ತೇನೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇತ್ತು. 1976ರಲ್ಲಿ ಅದನ್ನು ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಿಟ್ಟರು. ಅದರ 2ನೇ ಸೆಕ್ಷನ್ನಿನಲ್ಲಿ ‘ಹೋಟೆಲ್’ ಅಂದರೆ ಏನು ಅಂತ ಇದೆ. ತಿಂಡಿ ಕೊಠಡಿ, ಲಾಡ್ಜು, ಕಾಫಿ ಅಂಗಡಿ, ಕೆಫೆ ಎಲ್ಲ ಅದರೊಳಗೆ. ಹಾಗಾಗಿ ‘ನಮ್ಮದು ಹೋಟೆಲ್ ಅಲ್ಲ, ಸುಮ್ನೆ ಒಂದು ಗೂಡಂಗಡಿ’ ಅನ್ನುವ ಮಾತು ನಡೆಯುವುದಿಲ್ಲ. 4ನೇ ಸೆಕ್ಷನ್ನಿನಲ್ಲಿ, ಹೋಟೆಲಿನಲ್ಲಿ ಎಲ್ಲರ ಬಳಕೆಗೆ ಇಟ್ಟ ಪಾತ್ರೆಯನ್ನು ಬಳಸದಂತೆ ತಡೆಯುವುದು ಅಪರಾಧ ಅಂತ ನೇರವಾಗಿ ಬರೆದಿದೆ. ಪಾತ್ರೆ ಅನ್ನುವ ಪದವೇ ಇದೆ, ಅಕ್ಕ. ನಿಮ್ಮ ಅಜ್ಜನ ಸ್ಟೀಲ್ ಲೋಟ ಕಾನೂನಿನ ಪುಸ್ತಕದಲ್ಲಿ ಇದೆ.

2015ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿ ಬಂದಾಗ ಇದನ್ನೇ ಅಲ್ಲೂ ಸೇರಿಸಿದರು. 2016ರ ಜನವರಿ 26ರಿಂದ ಜಾರಿಯಲ್ಲಿದೆ. ಈ ದೂರು ಪೊಲೀಸ್ ಠಾಣೆಗೆ ಹೋಗಬೇಕು. ತನಿಖೆ ಮಾಡುವವರು ಡಿವೈಎಸ್ಪಿ ದರ್ಜೆಗೆ ಕಡಿಮೆ ಇರಬಾರದು.

ಬೇಲೂರು ರಸ್ತೆ ಹೋಟೆಲಿನವನು

ನಾನೂ ಒಂದು ಚಿಕ್ಕ ಹೋಟೆಲ್ ನಡೆಸುತ್ತೇನೆ. ನಮ್ಮಲ್ಲಿ ಆ ಥರ ಏನೂ ಇಲ್ಲ, ದೇವರಾಣೆ. ಎಲ್ಲರಿಗೂ ಒಂದೇ ಲೋಟ, ಒಂದೇ ಬೆಂಚು. ಆದರೂ ಒಂದು ಅನುಮಾನ. ಅಂಗಡಿ ನನ್ನದು, ಬಾಡಿಗೆ ಕಟ್ಟುವವನು ನಾನು. ಸಂವಿಧಾನ ಅನ್ನುವುದು ಸರ್ಕಾರಕ್ಕೆ ಹೇಳಿದ್ದಲ್ವಾ? ಕುಡಿದು ಬಂದು ಗಲಾಟೆ ಮಾಡುವವನನ್ನು ಹೊರಗೆ ಕಳಿಸಿದರೆ ಅದೂ ತಾರತಮ್ಯ ಅಂತ ಕೇಸು ಹಾಕಬಹುದಾ? ಜಗಳಕ್ಕೆ ಕೇಳುತ್ತಿಲ್ಲ. ತಿಳಿದುಕೊಳ್ಳಬೇಕು ಅಂತಲೇ ಕೇಳುತ್ತಿದ್ದೇನೆ.

ವಕೀಲ, ಚಿಕ್ಕಮಗಳೂರು

ಕುಡಿದು ಗಲಾಟೆ ಮಾಡುವವನನ್ನು ಕಳಿಸಬಹುದು ಅಣ್ಣ. ಕಳಿಸಲು ಕಾರಣ ಅವನ ನಡತೆ, ಅವನ ಹುಟ್ಟಲ್ಲ. ತಾರತಮ್ಯದ ಕಾನೂನಿನಲ್ಲಿ ಮೊದಲು ಹುಡುಕುವುದೇ ಈ ‘ಯಾವ ಕಾರಣಕ್ಕೆ’ ಅನ್ನುವುದನ್ನು.

15ನೇ ವಿಧಿಯಲ್ಲಿ ಐದು ಕಾರಣ ಹೇಳಿದ್ದಾರೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು. ಅದರ ಮೊದಲ ಭಾಗ ಸರ್ಕಾರಕ್ಕೆ ಹೇಳಿದ್ದು, ನಿಮ್ಮ ಮಾತು ಸರಿ. ಆದರೆ ಎರಡನೇ ಭಾಗ ನಿಮಗೂ ನನಗೂ ಹೇಳಿದ್ದು. ಅಂಗಡಿ, ಹೋಟೆಲು, ಸಾರ್ವಜನಿಕ ಬಾವಿ, ಕೆರೆ, ಸ್ನಾನದ ಘಟ್ಟ, ರಸ್ತೆ ಇವುಗಳಿಗೆ ಬರುವವರನ್ನು ಆ ಕಾರಣಕ್ಕೆ ತಡೆಯುವಂತಿಲ್ಲ.

‘ಅಂಗಡಿ’ ಅನ್ನುವ ಪದದ ಮೇಲೆ ಸಂವಿಧಾನ ಸಭೆಯಲ್ಲೇ ಪ್ರಶ್ನೆ ಎದ್ದಿತ್ತು. 1948ರ ನವೆಂಬರ್ 29. ಬಟ್ಟೆ ಒಗೆಯುವ ಅಂಗಡಿ, ಕ್ಷೌರದ ಅಂಗಡಿ ಇದರಲ್ಲಿ ಬರುತ್ತವಾ ಅಂತ ಸದಸ್ಯರು ಕೇಳಿದರು. ಅಂಬೇಡ್ಕರ್ ಬರುತ್ತವೆ ಅಂದರು. ಹಣ ಪಡೆದು ಸೇವೆ ಕೊಡುತ್ತೇನೆ ಅಂತ ಕೂತ ಯಾರೇ ಆಗಲಿ, ಈ ಪದದೊಳಗೆ ಬರುತ್ತಾರೆ ಅನ್ನುವುದು ಅವರ ವಿವರಣೆ. ಆ ಮಾತನ್ನೇ ಹಿಡಿದು 2011ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಶಿಕ್ಷಣ ಸಂಸ್ಥೆಯನ್ನೂ ‘ಅಂಗಡಿ’ಯ ಅರ್ಥದೊಳಗೆ ತಂದಿತು. ನಮ್ಮ ಹಳ್ಳಿಗಳಲ್ಲಿ ಕ್ಷೌರದ ಅಂಗಡಿಯ ಕುರ್ಚಿಗಾಗಿ ಎಷ್ಟು ಜಗಳ ಆಗಿದೆ ಅಂತ ನಿಮಗೆ ಗೊತ್ತು. ಆ ಕುರ್ಚಿಗೆ ಬೇಕಾದ ಉತ್ತರವನ್ನು ಅವರು ಅವತ್ತೇ ಕೊಟ್ಟಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತೆ.

ಬೇಲೂರು ರಸ್ತೆ ಹೋಟೆಲಿನವನು

ಸರಿ ಸಾರ್, ಅರ್ಥ ಆಯ್ತು. ಆ ಹಳ್ಳಿಯ ಹೋಟೆಲಿನವರು ‘ಪೇಪರ್ ಲೋಟ ಶುಚಿಗೋಸ್ಕರ’ ಅಂತ ಹೇಳಿದರೆ?

ಟೈಪಿಂಗ್ ಅಕ್ಕ, ಹಾಸನ

ಹಾಗೇ ಹೇಳುತ್ತಿದ್ದಾರಂತೆ! ನಾನೂ ಅದನ್ನೇ ಕೇಳಬೇಕು ಅಂತಿದ್ದೆ.

ವಕೀಲ, ಚಿಕ್ಕಮಗಳೂರು

ಶುಚಿ ಅಂದರೆ ಎಲ್ಲರಿಗೂ ಪೇಪರ್ ಲೋಟ ಕೊಡಲಿ. ಒಂದು ಕೇರಿಗೆ ಮಾತ್ರ ಶುಚಿ ಯಾಕೆ? ಅರ್ಜಿಯಲ್ಲಿ ಇದೇ ಮುಖ್ಯ. ಅವತ್ತು ಅದೇ ಹೊತ್ತಿಗೆ ಬೇರೆ ಯಾರಿಗೆ ಯಾವ ಲೋಟದಲ್ಲಿ ಕೊಟ್ಟರು ಅಂತ ಬರೆಯಿರಿ. ಹೋಲಿಸಿ ನೋಡಲು ಇನ್ನೊಬ್ಬ ಇರಬೇಕು.

ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಇನ್ನೂ ಮುಖ್ಯ. ತೊಂದರೆ ಆದವರು ಪರಿಶಿಷ್ಟ ಜಾತಿಯವರಾಗಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಯಿತು ಅಂತ ಕೋರ್ಟ್ ಮೊದಲೇ ಭಾವಿಸುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ಎದುರಿನವರದು. ಮನಸ್ಸಿನೊಳಗೆ ಏನಿತ್ತು ಅಂತ ಅಜ್ಜ ಸಾಬೀತು ಮಾಡಬೇಕಾಗಿಲ್ಲ.

ಇಲ್ಲಿ ‘ಪರಿಶಿಷ್ಟ ಜಾತಿ’ ಅನ್ನುವುದೂ ಕಾನೂನು ಅರ್ಥ ಕೊಟ್ಟ ಪದವೇ. 1950ರ ರಾಷ್ಟ್ರಪತಿ ಆದೇಶದ ಪಟ್ಟಿಯಲ್ಲಿ ಇದ್ದವರು ಮಾತ್ರ. ಹಿಂದೂಗಳು, 1956ರಿಂದ ಸಿಖ್ಖರು, 1990ರಿಂದ ಬೌದ್ಧರು. ಅದೇ ಕೇರಿಯಲ್ಲಿ ಕ್ರೈಸ್ತ ಧರ್ಮಕ್ಕೆ ಹೋದ ಮನೆಯವರಿಗೂ ಅದೇ ಪೇಪರ್ ಲೋಟ ಸಿಗಬಹುದು. ಅವರೂ ದೂರು ಕೊಡಬಹುದು, ಆದರೆ 12ನೇ ಸೆಕ್ಷನ್ನಿನ ಬೆಂಬಲ ಅವರಿಗಿಲ್ಲ, ದೌರ್ಜನ್ಯ ತಡೆ ಕಾಯ್ದೆಯೂ ಸಿಗುವುದಿಲ್ಲ. ಲೋಟ ಒಂದೇ, ಕಾನೂನು ಬೇರೆ. ಇದು ನನಗೆ ಸರಿ ಕಾಣುವುದಿಲ್ಲ, ಆದರೆ ಇರುವುದು ಹೀಗೆ.

ಕಡೂರಿನ ಹುಡುಗಿ

ಸಾರ್, ಸೂತಕದ ಮಾತು ಬಂತಲ್ಲ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಕಡೆ ಕೆಲವು ಊರುಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಇವತ್ತಿಗೂ ಊರಾಚೆ ಗುಡಿಸಲಿನಲ್ಲಿ ಇರಿಸುತ್ತಾರೆ. ನನ್ನ ಚಿಕ್ಕಮ್ಮ ಬಾಣಂತಿಯಾಗಿ ಮಳೆಯಲ್ಲಿ ಹಾಗೆ ಇದ್ದರು. ತಟ್ಟೆ ದೂರದಲ್ಲಿಟ್ಟು ಹೋಗುತ್ತಿದ್ದರು. ನಾನೇ ಇಟ್ಟು ಬಂದಿದ್ದೇನೆ, ಆಗ ನನಗೆ ಎಂಟು ವರ್ಷ. 1958ರ ಅರ್ಥ ಹಿಡಿದರೆ ಅದು ಅಸ್ಪೃಶ್ಯತೆ ಅಲ್ಲವೇ ಅಲ್ಲ ಅಂತಾಯ್ತು?

ವಕೀಲ, ಚಿಕ್ಕಮಗಳೂರು

ತಂಗಿ, 2018ರ ಶಬರಿಮಲೆ ತೀರ್ಪಿನಲ್ಲಿ ಇದೇ ಪ್ರಶ್ನೆ ಬಂತು. ಮುಟ್ಟಿನ ಕಾರಣಕ್ಕೆ ಹೊರಗಿಡುವುದೂ 17ನೇ ವಿಧಿಯೊಳಗೆ ಬರುತ್ತದೆ ಅಂತ ನ್ಯಾಯಮೂರ್ತಿ ಚಂದ್ರಚೂಡ್ ಬರೆದರು. ಬರುವುದಿಲ್ಲ, ಆ ವಿಧಿ ಜಾತಿಗೆ ಸಂಬಂಧಿಸಿದ್ದು ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಒಂದೇ ಪೀಠ, ಒಂದೇ ಪದ, ಎರಡು ಅರ್ಥ.

ಆದರೆ ನಿಮ್ಮೂರಿನ ಗುಡಿಸಲಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ ಕರ್ನಾಟಕದ 2017ರ ಕಾಯ್ದೆ ಇದೆ. ಜನ ಅದನ್ನು ಮೌಢ್ಯ ನಿಷೇಧ ಕಾಯ್ದೆ ಅನ್ನುತ್ತಾರೆ. ಮುಟ್ಟಾದವರನ್ನು, ಗರ್ಭಿಣಿಯರನ್ನು ಬೇರೆ ಇರಿಸುವುದು ಅದರ ಪಟ್ಟಿಯಲ್ಲೇ ಇದೆ.

ಕಡೂರಿನ ಹುಡುಗಿ

ಇದು ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಸಾರ್. ಇವತ್ತೇ ನಮ್ಮ ಆಶಾ ಅಕ್ಕನಿಗೆ ಹೇಳುತ್ತೇನೆ.

ಅರಸೀಕೆರೆ ಮೇಷ್ಟ್ರು

35% ಹುಡುಗನ ವಿಷಯಕ್ಕೆ ನಾನು ಬರೆಯುತ್ತೇನೆ. ನನಗೆ ಒಂದು ಕಾಲು ಪೋಲಿಯೊ. ಈ ಕಾಯ್ದೆ ಬಂದಾಗಿನಿಂದ ಇಟ್ಟುಕೊಂಡು ಓದಿದ್ದೇನೆ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016. ಹಳೇ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, ಇದರಲ್ಲಿ 21. ಅದಕ್ಕಿಂತ ದೊಡ್ಡ ಬದಲಾವಣೆ ಅರ್ಥದಲ್ಲಿ ಆಯಿತು. ದೇಹದ ಅಥವಾ ಮನಸ್ಸಿನ ಬಹುಕಾಲದ ಊನ, ಅದರ ಜೊತೆಗೆ ಹೊರಗಿನ ಅಡೆತಡೆ, ಎರಡೂ ಸೇರಿ ಒಬ್ಬರು ಎಲ್ಲರಂತೆ ಬದುಕಲು ಆಗದಂತೆ ಮಾಡಿದರೆ ಅವರು ಅಂಗವಿಕಲರು. ಗಮನಿಸಿ, ಅರ್ಧ ನನ್ನ ಕಾಲಿನಲ್ಲಿದೆ, ಇನ್ನರ್ಧ ರ್‍ಯಾಂಪ್ ಇಲ್ಲದ ಮೆಟ್ಟಿಲಿನಲ್ಲಿದೆ. ಈ ಅರ್ಥದಲ್ಲಿ ಪರ್ಸೆಂಟ್ ಮಾತೇ ಇಲ್ಲ.

40% ಬರುವುದು ಬೇರೆ ಪದದಲ್ಲಿ. ಅದಕ್ಕೆ ಬೆಂಚ್‌ಮಾರ್ಕ್ ಅಂಗವೈಕಲ್ಯ ಅನ್ನುತ್ತಾರೆ. ಸರ್ಕಾರಿ ಕೆಲಸದಲ್ಲಿ 4%, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣದಲ್ಲಿ 5% ಮೀಸಲಾತಿಗೆ ಅದು ಬೇಕು. ಆ ಹುಡುಗ ಕೇಳಿದ್ದು ಮೀಸಲಾತಿ ಅಲ್ಲ. ಬರೆದುಕೊಡುವ ಒಂದು ಕೈ. ಎರಡು ಪದವನ್ನು ಕಲಸಿ ಅವನನ್ನು ವಾಪಸ್ ಕಳಿಸಿದ್ದಾರೆ.

2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ವಿಕಾಸ್ ಕುಮಾರ್ ಅನ್ನುವವರ ಪ್ರಕರಣ. ಬರೆಯಲು ಹೋದರೆ ಕೈ ಸೆಳೆತ ಬರುತ್ತಿತ್ತು. ಯುಪಿಎಸ್‌ಸಿ 40% ಇಲ್ಲ ಅಂತ ಬರಹಗಾರರನ್ನು ಕೊಡಲಿಲ್ಲ. ಬರಹಗಾರರ ನೆರವಿಗೆ 40% ಬೇಕಿಲ್ಲ ಅಂತ ಕೋರ್ಟ್ ತೀರ್ಪು ಕೊಟ್ಟಿತು. ಆಮೇಲೆ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 40%ಗಿಂತ ಕಡಿಮೆ ಇರುವವರಿಗೆ ಅಂತಲೇ ಮಾರ್ಗಸೂಚಿ ತಂದಿತು.

ಅರ್ಜಿಯಲ್ಲಿ ಎರಡು ಮಾತು ತಪ್ಪದೆ ಹಾಕಿ ಅಕ್ಕ. ಒಂದು ‘ತಾರತಮ್ಯ’. ಈ ಕಾಯ್ದೆಯಲ್ಲಿ ಅದಕ್ಕೆ ಪೂರ್ತಿ ಅರ್ಥ ಕೊಟ್ಟಿದ್ದಾರೆ: ಬೇರ್ಪಡಿಸುವುದು, ಹೊರಗಿಡುವುದು, ಮಿತಿ ಹಾಕುವುದು. ಅದರ ಉದ್ದೇಶ ಹಾಗಿದ್ದರೂ ಸರಿ, ಪರಿಣಾಮ ಹಾಗಾದರೂ ಸರಿ. ಎರಡನೆಯದು ‘ರೀಸನಬಲ್ ಅಕಾಮಡೇಶನ್’. ಕನ್ನಡದಲ್ಲಿ ಹೇಳುವುದಾದರೆ, ಒಬ್ಬರ ಅಗತ್ಯಕ್ಕೆ ತಕ್ಕ ಹಾಗೆ ಮಾಡಿಕೊಡುವ ಬದಲಾವಣೆ. ಮಾಡಿಕೊಡುವವರ ಮೇಲೆ ಮಿತಿಮೀರಿದ ಹೊರೆ ಬೀಳಬಾರದು, ಅಷ್ಟೇ ಷರತ್ತು. ಅದನ್ನು ಕೊಡದಿರುವುದೂ ತಾರತಮ್ಯವೇ ಅಂತ ಅದೇ ಅರ್ಥದ ಕೊನೆಗೆ ಸೇರಿಸಿದ್ದಾರೆ. ಕಾಲೇಜು ಖಾಸಗಿ ಆದರೂ ಸರ್ಕಾರದ ಮಾನ್ಯತೆ ಇದ್ದರೆ ಪರೀಕ್ಷೆಯ ಅನುಕೂಲ ಮಾಡಿಕೊಡಬೇಕು. ಮಾಡದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರ ಕಚೇರಿ ಇದೆ, ಅಲ್ಲಿಗೆ ಕಳಿಸಿ.

ಹುಡುಗನಿಗೆ ನನ್ನ ಕಡೆಯಿಂದ ಹೇಳಿ, ಧೈರ್ಯವಾಗಿರು ಅಂತ. ನನಗೆ ಡಿಗ್ರಿಯಲ್ಲಿ ಮೂರನೇ ಮಹಡಿಯಲ್ಲಿ ಕ್ಲಾಸ್ ಇತ್ತು. ಎರಡು ವರ್ಷ ಹತ್ತಿದೆ. ಕೆಳಗೆ ಕೊಡಿ ಅಂತ ಕೇಳಬಹುದು ಅನ್ನುವುದೇ ಗೊತ್ತಿರಲಿಲ್ಲ.

ಲೀಡ್ಸ್‌ನಲ್ಲಿರುವ ಕೊಪ್ಪದವನು

ಮೇಷ್ಟ್ರೇ, ‘ಉದ್ದೇಶ ಅಥವಾ ಪರಿಣಾಮ’ ಅಂದಿರಲ್ಲ, ಎಲ್ಲದರ ತಿರುಳು ಅಲ್ಲೇ ಇದೆ. ನಾನಿಲ್ಲಿ ಒಂದು ಕಂಪನಿಯ ಎಚ್‌ಆರ್‌ನಲ್ಲಿ ಕೆಲಸ ಮಾಡುತ್ತೇನೆ. ಬ್ರಿಟನ್ನಿನಲ್ಲಿ 2010ರ ಈಕ್ವಾಲಿಟಿ ಆಕ್ಟ್ ಅಂತ ಒಂದೇ ಕಾನೂನು. ಒಂಬತ್ತು ಗುಣಗಳ ಪಟ್ಟಿ ಇದೆ: ವಯಸ್ಸು, ಅಂಗವೈಕಲ್ಯ, ಲಿಂಗ ಬದಲಾವಣೆ, ಮದುವೆ, ಬಸಿರು ಮತ್ತು ಬಾಣಂತನ, ಜನಾಂಗ, ಧರ್ಮ ಅಥವಾ ನಂಬಿಕೆ, ಲಿಂಗ, ಲೈಂಗಿಕ ಒಲವು. ನೇರ ತಾರತಮ್ಯ, ಪರೋಕ್ಷ ತಾರತಮ್ಯ, ಕಿರುಕುಳ, ದೂರು ಕೊಟ್ಟಿದ್ದಕ್ಕೆ ಸೇಡು, ಒಂದೊಂದಕ್ಕೂ ಅರ್ಥ ಬರೆದಿದ್ದಾರೆ.

ಜಾತಿ ಆ ಪಟ್ಟಿಯಲ್ಲಿಲ್ಲ. ಸೇರಿಸಬೇಕು ಅಂತ 2013ರಲ್ಲಿ ಸಂಸತ್ತು ಹೇಳಿತು. 2018ರಲ್ಲಿ ಸರ್ಕಾರ ಸೇರಿಸುವುದಿಲ್ಲ, ಕೋರ್ಟುಗಳೇ ನೋಡಿಕೊಳ್ಳಲಿ ಅಂದಿತು. ಆ ನಡುವೆ, ಭಾರತದಿಂದ ಮನೆಗೆಲಸಕ್ಕೆ ಬಂದ ಒಬ್ಬ ಆದಿವಾಸಿ ಹೆಂಗಸಿನ ಪ್ರಕರಣದಲ್ಲಿ 2014ರಲ್ಲಿ ಮೇಲ್ಮನವಿ ನ್ಯಾಯಮಂಡಳಿ, ‘ಜನಾಂಗ’ ಅನ್ನುವುದರೊಳಗೆ ಇರುವ ‘ಜನಾಂಗೀಯ ಮೂಲ’ ಅನ್ನುವ ಮಾತಿನಲ್ಲಿ ಜಾತಿಯೂ ಬರಬಹುದು ಅಂದಿತು. ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ನೇರವಾಗಿ ‘ಜಾತಿ’ ಅಂತ ಬರೆದೇಬಿಟ್ಟಿತು. ಸಾವಿರಾರು ಮೈಲಿ ಆಚೆ ನಮ್ಮೂರಿನ ಪದ ಕಾನೂನಿಗೆ ಹೋಗಿದೆ ಅಂದಾಗ ನನಗೆ ಹೆಮ್ಮೆ ಆಗಲಿಲ್ಲ. ಸಂಕಟ ಆಯಿತು.

ತೋಟದ ರೈಟರ್, ಸಕಲೇಶಪುರ

‘ಪರೋಕ್ಷ ತಾರತಮ್ಯ’ ಅಂದರೇನು, ಸ್ವಲ್ಪ ಬಿಡಿಸಿ ಹೇಳಿ. ನಮ್ಮ ತೋಟಗಳಲ್ಲಿ ‘ಎಲ್ಲರಿಗೂ ಒಂದೇ ರೂಲ್ಸು’ ಅನ್ನುವುದೇ ದೊಡ್ಡ ಮಾತು.

ವಕೀಲ, ಚಿಕ್ಕಮಗಳೂರು

ಎಲ್ಲರಿಗೂ ಒಂದೇ ರೂಲ್ಸು, ಆದರೆ ಪೆಟ್ಟು ಬೀಳುವುದು ಒಂದೇ ಗುಂಪಿಗೆ. ಅದೇ ಪರೋಕ್ಷ ತಾರತಮ್ಯ. ಅಮೆರಿಕದ ಡ್ಯೂಕ್ ಪವರ್ ಕಂಪನಿಯ ಪ್ರಕರಣ, 1971. ಒಳ್ಳೆಯ ಕೆಲಸಕ್ಕೆ ಹೈಸ್ಕೂಲ್ ಪಾಸಾಗಿರಬೇಕು, ಎರಡು ಟೆಸ್ಟ್ ಬರೆಯಬೇಕು ಅಂತ ನಿಯಮ. ಆ ಕೆಲಸಕ್ಕೂ ಆ ಓದಿಗೂ ಸಂಬಂಧ ಇರಲಿಲ್ಲ. ಕಪ್ಪು ಜನರಿಗೆ ಒಳ್ಳೆಯ ಶಾಲೆಯೇ ಸಿಕ್ಕಿರಲಿಲ್ಲ, ಹಾಗಾಗಿ ಜಾಸ್ತಿ ಹೊರಗೆ ಉಳಿದವರು ಅವರೇ.

ನಮ್ಮಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಾಯಿಬಿಟ್ಟು ಹೇಳಿದ್ದು 2021ರ ಮಾರ್ಚ್ 25ರಂದು, ಲೆಫ್ಟಿನೆಂಟ್ ಕರ್ನಲ್ ನಿತೀಶಾ ಪ್ರಕರಣದಲ್ಲಿ. ಸೇನೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ಹುದ್ದೆ ಕೊಡಲು ಗಂಡಸರಿಗೆ ಇದ್ದ ದೇಹದಾರ್ಢ್ಯದ ಅಳತೆಯನ್ನೇ ಇಟ್ಟರು. ನೋಡಲು ಸಮಾನ. ಆದರೆ ಗಂಡಸರನ್ನು ಅಳೆದದ್ದು ಸೇವೆಯ 5ನೇ ಅಥವಾ 10ನೇ ವರ್ಷದಲ್ಲಿ. ಹೆಂಗಸರಿಗೆ ಆ ಅವಕಾಶವನ್ನೇ ಕೊಡದೆ, ಎಷ್ಟೋ ವರ್ಷ ಕಳೆದು ವಯಸ್ಸಾದ ಮೇಲೆ ಅದೇ ಅಳತೆ. ಯಾರಿಗೂ ಕೆಟ್ಟ ಉದ್ದೇಶ ಇರಬೇಕಾಗಿಲ್ಲ, ಪರಿಣಾಮ ನೋಡಿ ಅಂತ ಕೋರ್ಟ್ ಹೇಳಿತು. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು 2024ರ ಅಕ್ಟೋಬರಿನಲ್ಲಿ ರದ್ದು ಮಾಡುವಾಗಲೂ ನೇರ, ಪರೋಕ್ಷ ಎರಡನ್ನೂ ಬಿಡಿಸಿ ಬರೆದರು.

ತೋಟದ ರೈಟರ್, ಸಕಲೇಶಪುರ

ಹಾಗಾದರೆ ಕೂಲಿ ಮಾತು ನಾನು ಹೇಳುತ್ತೇನೆ. 20 ವರ್ಷದಿಂದ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿ ಪುಸ್ತಕ, ಬರೆಯುತ್ತಿದ್ದೇನೆ. ಹಣ್ಣು ಕುಯ್ಯುವ ಕಾಲದಲ್ಲಿ ಕೆ.ಜಿ. ಲೆಕ್ಕ, ಗಂಡು ಹೆಣ್ಣು ಅಂತ ಇಲ್ಲ. ತೊಂದರೆ ಬರುವುದು ದಿನಗೂಲಿಯಲ್ಲಿ. ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಕಡಿಯಲು, ಗಂಡಸರು ಮರ ಹತ್ತುತ್ತಾರೆ, ಅದಕ್ಕೆ ಜಾಸ್ತಿ ಕೊಡುತ್ತಾರೆ. ಅದು ಬೇರೆ ಕೆಲಸ, ಒಪ್ಪುತ್ತೇನೆ. ಆದರೆ ಗೊಬ್ಬರ ಹಾಕುವ ದಿನ? ಒಂದೇ ಚೀಲ, ಒಂದೇ ಬುಟ್ಟಿ, ಒಂದೇ ಇಳಿಜಾರು. ಬೆಳಿಗ್ಗೆ ಎಂಟಕ್ಕೆ ಒಟ್ಟಿಗೆ ಇಳಿಯುತ್ತಾರೆ, ಒಟ್ಟಿಗೆ ಹತ್ತುತ್ತಾರೆ. ಸಂಜೆ ಚೆಕ್‌ರೋಲಿನಲ್ಲಿ ನಾನೇ ಎರಡು ಕಾಲಂ ಹಾಕಿ ಬರೆದಿದ್ದೇನೆ. ಆ ಎರಡು ಕಾಲಂ ಗೆರೆ ಎಳೆದದ್ದು ನನ್ನ ಕೈ. ಈ ಚರ್ಚೆ ಓದಿದ ಮೇಲೆ ಅದು ಬಹಳ ಚುಚ್ಚುತ್ತಿದೆ.

ವಕೀಲ, ಚಿಕ್ಕಮಗಳೂರು

ಅದಕ್ಕೂ ಪದ ಇದೆ ಅಣ್ಣ. ‘ಒಂದೇ ಕೆಲಸ ಅಥವಾ ಅದೇ ಬಗೆಯ ಕೆಲಸ.’ 1976ರ ಸಮಾನ ವೇತನ ಕಾಯ್ದೆಯಲ್ಲಿ ಇತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಇದೆ, 2025ರ ನವೆಂಬರ್ 21ರಿಂದ ಜಾರಿ. ಬೇಕಾದ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಒಂದೇ ಇದ್ದು, ಒಂದೇ ಬಗೆಯ ಪರಿಸ್ಥಿತಿಯಲ್ಲಿ ಮಾಡುವ ಕೆಲಸ. ಸಣ್ಣಪುಟ್ಟ ವ್ಯತ್ಯಾಸ ಲೆಕ್ಕಕ್ಕಿಲ್ಲ. 1987ರಲ್ಲಿ ಮಹಿಳಾ ಸ್ಟೆನೋಗ್ರಾಫರ್‌ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ: ಹುದ್ದೆಯ ಹೆಸರು ನೋಡಬೇಡಿ, ಕೈಯಲ್ಲಿ ನಿಜವಾಗಿ ಏನು ಮಾಡುತ್ತಾರೆ ನೋಡಿ. ಕಂಪನಿಗೆ ಕೊಡಲು ಶಕ್ತಿ ಇಲ್ಲ ಅನ್ನುವ ಮಾತನ್ನೂ ಒಪ್ಪಲಿಲ್ಲ.

ಆ ಮೂವರ ಅರ್ಜಿ ಕಾರ್ಮಿಕ ಇಲಾಖೆಗೆ. ಮರಗಸಿಯನ್ನು ಎತ್ತಲೇಬೇಡಿ ಅಕ್ಕ. ಗೊಬ್ಬರದ ದಿನಗಳನ್ನು ಮಾತ್ರ ತಾರೀಖು ಸಮೇತ ಬರೆಯಿರಿ.

ತೋಟದ ರೈಟರ್, ಸಕಲೇಶಪುರ

ಇನ್ನೊಂದು. ಕಣದಲ್ಲಿ ಕಾಫಿ ಹರಡುವಾಗ ಮೇಸ್ತ್ರಿ ಒಬ್ಬ ಆಳಿಗೆ ಜಾತಿ ಹಿಡಿದು ಬೈದ. ಹತ್ತಾರು ಜನ ಇದ್ದರು. ‘ಇದು ಖಾಸಗಿ ತೋಟ, ಸಾರ್ವಜನಿಕ ಸ್ಥಳ ಅಲ್ಲ, ಕೇಸು ನಿಲ್ಲಲ್ಲ’ ಅಂತ ಆ ಆಳನ್ನು ಸುಮ್ಮನಾಗಿಸಿದರು.

ವಕೀಲ, ಚಿಕ್ಕಮಗಳೂರು

ತಪ್ಪು ಹೇಳಿದ್ದಾರೆ. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಇರುವುದು ‘ಸಾರ್ವಜನಿಕ ಸ್ಥಳ’ ಅಲ್ಲ, ‘ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳ’. 2008ರಲ್ಲಿ ಸುಪ್ರೀಂ ಕೋರ್ಟ್ ಈ ಎರಡರ ವ್ಯತ್ಯಾಸ ಹೇಳಿತು. ಮನೆಯ ಗೇಟಿನ ಬಳಿ ಬೈದರೂ, ಜಾಗ ಖಾಸಗಿಯಾದರೂ, ಹೊರಗಿನವರಿಗೆ ಕಂಡರೆ ಸಾಕು. ಒಳಗೆ ಬೈದರೂ ಅಲ್ಲಿ ಬರೀ ನೆಂಟರು, ಗೆಳೆಯರು ಅಲ್ಲದೆ ಬೇರೆಯವರು ಇದ್ದರೆ ಸಾಕು. ನಾಲ್ಕು ಗೋಡೆಯ ನಡುವೆ, ಬೇರೆ ಯಾರೂ ಇಲ್ಲದಾಗ ಆಡಿದ ಮಾತು ಬರುವುದಿಲ್ಲ ಅಂತ 2020ರ ತೀರ್ಪು. ನಿಮ್ಮ ಕಣಕ್ಕೆ ಗೋಡೆ ಇಲ್ಲ, ಮೇಲೆ ಆಕಾಶ ಇದೆ, ಹತ್ತು ಸಾಕ್ಷಿ ಇದ್ದಾರೆ.

ಮೂಡಿಗೆರೆ ಹಿರಿಯರು

ಎಲ್ಲ ಓದಿದೆ. ಇಷ್ಟು ಪದ ಹಿಡಿದು ಎಳೆದಾಡುವುದಕ್ಕಿಂತ ಜನರ ಮನಸ್ಸು ಬದಲಾಗಬೇಕು, ಅಲ್ವಾ? ಕೇಸು ಹಾಕಿದರೆ ಊರಲ್ಲಿ ಮತ್ತೆ ಮುಖ ನೋಡಬೇಕಲ್ಲ.

ಟೈಪಿಂಗ್ ಅಕ್ಕ, ಹಾಸನ

ಹಿರಿಯರೇ, ಮನಸ್ಸು ಬದಲಾಗಲಿ, ನನಗೂ ಅದೇ ಆಸೆ. ಆದರೆ ಆ ಹುಡುಗನ ಪರೀಕ್ಷೆ ಮುಂದಿನ ತಿಂಗಳು 9ಕ್ಕೆ. ಅಜ್ಜನಿಗೆ ಎಪ್ಪತ್ತಮೂರು.

ಊರಲ್ಲಿ ಮುಖ ನೋಡುವ ಮಾತು ನಿಜ. ಅದಕ್ಕೇ ಅಜ್ಜ ಇಷ್ಟು ದಿನ ‘ಅನ್ಯಾಯ’ ಅಂತ ಮಾತ್ರ ಬರೆಸಿದ್ದು. ನಾಳೆ ಇದಕ್ಕೇ ಊರಿನವರು ಮಾತು ಬಿಟ್ಟರೆ?

ವಕೀಲ, ಚಿಕ್ಕಮಗಳೂರು

ಅದಕ್ಕೂ ಅರ್ಥ ಬರೆದಿದ್ದಾರೆ. ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿಯಲ್ಲಿ ‘ಸಾಮಾಜಿಕ ಬಹಿಷ್ಕಾರ’, ‘ಆರ್ಥಿಕ ಬಹಿಷ್ಕಾರ’ ಎರಡೂ ಇವೆ. ವಾಡಿಕೆಯಂತೆ ಇದ್ದ ಒಡನಾಟ ಬಿಡುವುದು, ಒಬ್ಬರನ್ನು ಒಂಟಿ ಮಾಡುವುದು ಮೊದಲನೆಯದು. ಕೂಲಿಗೆ ಕರೆಯದಿರುವುದು, ವ್ಯವಹಾರ ನಿಲ್ಲಿಸುವುದು ಎರಡನೆಯದು. ಹಾಗಾದರೆ ಅದು ಇನ್ನೊಂದು ಅಪರಾಧ.

ಬಾಡಿಗೆ ಮನೆ ಹುಡುಕುತ್ತಿರುವವಳು, ಚಿಕ್ಕಮಗಳೂರು

ನನ್ನದೂ ಒಂದು ಇದೆ. ಐದು ಮನೆ ನೋಡಿದೆ. ‘ನೀವು ಯಾವ ಜನ?’ ಅಂತ ಕೇಳಿ, ನನ್ನ ಧರ್ಮ ಗೊತ್ತಾದ ಮೇಲೆ ‘ಮನೆ ಆಗಲೇ ಕೊಟ್ಟಾಯ್ತು’ ಅಂದರು. ಬೋರ್ಡು ಇವತ್ತಿಗೂ ನೇತಾಡುತ್ತಿದೆ.

ವಕೀಲ, ಚಿಕ್ಕಮಗಳೂರು

ನಿಮಗೆ ಹೇಳಲು ನನಗೆ ಕಷ್ಟವಾಗುತ್ತಿದೆ ಮೇಡಂ. ಅಸ್ಪೃಶ್ಯತೆಯ ಕಾರಣಕ್ಕೆ ಮನೆ ಕೊಡದಿದ್ದರೆ 1955ರ ಕಾಯ್ದೆ ಇದೆ. ಟ್ರಾನ್ಸ್‌ಜೆಂಡರ್ ಅಂತ ಕೊಡದಿದ್ದರೆ 2019ರ ಕಾಯ್ದೆ ಇದೆ. ಮನೆಯಲ್ಲಿ ಎಚ್‌ಐವಿ ಇರುವವರಿದ್ದಾರೆ ಅಂತ ಕೊಡದಿದ್ದರೆ 2017ರ ಕಾಯ್ದೆ ಇದೆ, ಅದರಲ್ಲಿ ಜೊತೆಗಿರುವ ಮನೆಯವರಿಗೂ ರಕ್ಷಣೆ ಇದೆ. ಖಾಸಗಿ ಮಾಲೀಕರು ಧರ್ಮ ನೋಡಿ ಕೊಡದಿದ್ದರೆ ಹಿಡಿಯಲು ಅಷ್ಟು ನೇರವಾದ ಕೇಂದ್ರ ಕಾಯ್ದೆ ಇಲ್ಲ. 15ನೇ ವಿಧಿಯಲ್ಲಿ ಅಂಗಡಿ ಇದೆ, ಬಾವಿ ಇದೆ, ಬಾಡಿಗೆ ಮನೆ ಇಲ್ಲ. ಎಲ್ಲಕ್ಕೂ ಸೇರಿ ಒಂದು ಕಾನೂನು ಬೇಕು ಅಂತ ನಮ್ಮಂಥವರು ಕೂಗುವುದು ಇದಕ್ಕೇ.

ತೋಟದ ರೈಟರ್, ಸಕಲೇಶಪುರ

ಮೇಡಂ, ನಮ್ಮ ಅತ್ತಿಗೆಯವರ ಮನೆ ಚಿಕ್ಕಮಗಳೂರಿನಲ್ಲಿದೆ. ಮೇಲಿನ ಪೋರ್ಷನ್ ಖಾಲಿ ಇದೆ. ಅವರು ಏನೂ ಕೇಳುವುದಿಲ್ಲ. ನಿಮಗೆ ಪ್ರತ್ಯೇಕವಾಗಿ ಮೆಸೇಜ್ ಮಾಡುತ್ತೇನೆ.

ಟೈಪಿಂಗ್ ಅಕ್ಕ, ಹಾಸನ

ಹುಡುಗನ ಅರ್ಜಿ ನಿನ್ನೆ ಹೋಯಿತು. ಹೆಂಗಸರು ಗೊಬ್ಬರದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಭಾನುವಾರ ಬರುತ್ತಾರೆ. ಅಜ್ಜನದು ಈಗ ಬರೆದೆ. ನೋಡಿ:

‘ದಿನಾಂಕ ಇಂಥದ್ದು, ಬೆಳಿಗ್ಗೆ ಸುಮಾರು 8 ಗಂಟೆಗೆ ನಾನು ನಮ್ಮ ಗ್ರಾಮದ ಹೋಟೆಲಿಗೆ ಹೋಗಿ ಕಾಫಿ ಕೇಳಿದೆನು. ಆ ಸಮಯದಲ್ಲಿ ಅಲ್ಲಿದ್ದ ಬೇರೆ ನಾಲ್ಕು ಜನ ಗಿರಾಕಿಗಳಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ನನಗೆ ಮಾತ್ರ ಪೇಪರ್ ಲೋಟದಲ್ಲಿ ಕೊಟ್ಟರು. ಸ್ಟೀಲ್ ಲೋಟ ಕೇಳಿದಾಗ ಎಲ್ಲರ ಮುಂದೆ “ನಿಮಗೆ ಇದೇ” ಎಂದು ಹೇಳಿದರು. ಸಾರ್ವಜನಿಕರ ಬಳಕೆಗೆ ಇಟ್ಟ ಪಾತ್ರೆಯನ್ನು ನಾನು ಬಳಸದಂತೆ ತಡೆದಿರುತ್ತಾರೆ. ಹಾಜರಿದ್ದವರ ಹೆಸರು ಕೆಳಗಿದೆ.’

ವಕೀಲ, ಚಿಕ್ಕಮಗಳೂರು

ಬಹಳ ಚೆನ್ನಾಗಿದೆ. ಒಂದು ಬಿಟ್ಟಿದ್ದೀರಿ. ಅಜ್ಜನ ಜಾತಿ, ಪ್ರಮಾಣಪತ್ರದ ಸಂಖ್ಯೆ. ಅದಿಲ್ಲದೆ 12ನೇ ಸೆಕ್ಷನ್ ನಡೆಯುವುದಿಲ್ಲ.

ಟೈಪಿಂಗ್ ಅಕ್ಕ, ಹಾಸನ

ಬೇಕಂತಲೇ ಬಿಟ್ಟಿದ್ದೆ ಸಾರ್. ಅವತ್ತು ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ‘ನಮ್ಮ ಕೇರಿಯವರು’ ಅಂತಲೇ ಅಂದರು, ನಾನೂ ಕೇಳಲಿಲ್ಲ.

ಈಗ ಅವರ ಮಗಳ ಫೋನಿಗೆ ಮಾಡಿದೆ. ಅಜ್ಜನೇ ಎತ್ತಿಕೊಂಡರು. ಯಾಕೆ ಬೇಕು ಅಂತ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಬರಿ ಕಣವ್ವ, ದೊಡ್ಡಕ್ಷರದಲ್ಲಿ ಬರಿ’ ಅಂದರು. ಸರ್ಟಿಫಿಕೇಟು ಟ್ರಂಕಿನಲ್ಲಿದೆಯಂತೆ, ನಾಳೆ ಹತ್ತು ಗಂಟೆ ಬಸ್ಸಿಗೆ ತರುತ್ತಾರೆ.